ನ್ಯೂವಾರ್ಕಿನ ಜಾನ್ ಕಾಟನ್ ಡೇನಾ

ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಮಗ್ಗುಲಲ್ಲಿ ಒಂದು ಚಿಕ್ಕ ಕೋಣೆಯಿದೆ. ಬಾಗಿಲ ಮೇಲಿನ ಹಲಗೆಯಲ್ಲಿ ವಸ್ತುಸಂಗ್ರಹವೆಂದು ಬರೆದಿರುವುದನ್ನು ನಾವೆಲ್ಲರೂ ಓದಿದ್ದೇವೆ. ಒಳಗೆ ಹೋದವರು ಮಾತ್ರ ಬಹಳ ಮಂದಿ ಇರಲಾರರು. ಹಿಂದೆ ಇಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರೊಬ್ಬರು ರಜೆಯ ದಿನಗಳಲ್ಲಿ ಊರೂರು ತಿರುಗಿ ಕೂಡಿಸಿದ ಸಾಮಗ್ರಿ ಅಲ್ಲಿದೆ: ಕಿನ್ನಾಳದ ಗೊಂಬೆಗಳು, ಒಂದು ಬಿದರಿ ಹೂಜಿ, ತೊಗಲುಗೊಂಬೆಯಾಟದ ರಾವಣ, ಕೆಲವು ಗಂಜೀಫಾ ಎಲೆಗಳು, ನೇಯ್ಗೆಯ ನಾಲ್ಕೈದು ತುಣುಕುಗಳು. ಎಲ್ಲವೂ ಗಾಜಿನ ಬೀರುಗಳಲ್ಲಿವೆ. ಬೀರುಗಳಿಗೂ ಬೀಗ, ಕೋಣೆಗೂ ಬೀಗ.

ನಾನು ಪ್ರವೇಶಕ್ಕೆಂದು ಬಂದ ದಿನ ನನ್ನ ತಂದೆಯವರೂ ಜೊತೆಯಲ್ಲಿದ್ದರು. ಅವರದು ಖಣ ನೇಯುವ ಕಸುಬು. ಅಂದು ಕಸ ಗುಡಿಸುವುದಕ್ಕಾಗಿ ಆ ಕೋಣೆಯ ಬಾಗಿಲು ತೆರೆದಿತ್ತು. ಶುಲ್ಕದ ಸಾಲಿನಲ್ಲಿ ನಾನು ನಿಂತಿದ್ದಾಗ ಅವರು ಒಳಗೆ ಇಣುಕಿ, ಗಾಜಿನ ಹಿಂದೆ ತೂಗುಹಾಕಿದ್ದ ಒಂದು ಹಳೆಯ ಖಣವನ್ನು ಕಂಡು, ಹತ್ತಿರ ಹೋಗಿ ನೋಡಿದರು. ಅದನ್ನು ಒಳಮೈ ಹೊರಗೆ ಮಾಡಿ ಹಾಕಿದ್ದರಂತೆ. ಅಲ್ಲಿದ್ದ ಸಿಬ್ಬಂದಿಗೆ ಅಷ್ಟನ್ನು ತಿಳಿಸಿದ್ದಕ್ಕೆ, ಗಾಜು ಮುಟ್ಟಬೇಡಿರೆಂದು ಹೇಳಿ ಅವರನ್ನು ಹೊರಗೆ ಕಳುಹಿಸಿದರು. ನನಗೆ ಆಗ ಹೊಸ ಸಹಪಾಠಿಗಳ ಮುಂದೆ ತಂದೆಯವರಿಂದ ಸಂಕೋಚವಾಯಿತು. ಹಾಗೆ ಸಂಕೋಚಪಟ್ಟುದಕ್ಕೆ ನಾಚಿಕೆಯಾದದ್ದು ಬಹಳ ತಡವಾಗಿ.

ಇಷ್ಟು ಪೀಠಿಕೆ ಏತಕ್ಕೆಂದು ವಾಚಕರು ಕೇಳಬಹುದು. ಕಳೆದ ವರ್ಷ ಒಂದು ಪ್ರಬಂಧಕ್ಕಾಗಿ ನಮ್ಮ ಗ್ರಂಥಪಾಲಕರು ನನಗೆ ವಸ್ತುಸಂಗ್ರಹಾಲಯಗಳ ಚರಿತ್ರೆಯನ್ನು ಕುರಿತ ಒಂದು ಪುಸ್ತಕವನ್ನು ಕೊಟ್ಟರು. ಅದರಲ್ಲಿ ಜಾನ್ ಕಾಟನ್ ಡೇನಾ ಎಂಬ ಅಮೆರಿಕದ ಗ್ರಂಥಪಾಲಕನ ವೃತ್ತಾಂತವಿತ್ತು. ಗ್ರಂಥಾಲಯದವರಲ್ಲಿಯೂ ವಸ್ತುಸಂಗ್ರಹಾಲಯದವರಲ್ಲಿಯೂ ಈತನ ಹೆಸರು ಇಂದಿಗೂ ದೊಡ್ಡದು. ಹೊರಗಿನವರಿಗೆ ಅಷ್ಟು ಪರಿಚಯವಿಲ್ಲ. ಆತನ ಕಥೆಯನ್ನು ಓದುತ್ತಿದ್ದಷ್ಟು ಹೊತ್ತೂ ಆ ಖಣ ನನ್ನ ಕಣ್ಣ ಮುಂದೆ ಇತ್ತು. ಆದುದರಿಂದ ಆತನ ಜೀವನವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಡೇನಾ ಹುಟ್ಟಿದುದು 1856ನೆಯ ಇಸವಿ ಆಗಸ್ಟ್ 19ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯದಲ್ಲಿರುವ ವರ್ಮಾಂಟ್ ಪ್ರಾಂತದ ವುಡ್‌ಸ್ಟಾಕ್ ಎಂಬ ಸಣ್ಣ ಊರಿನಲ್ಲಿ. ಮನೆತನದವರು ಅಂಗಡಿಕಾರರು, ಊರಿಗೆ ಬೇಕಾದ ಸಕಲ ಸಾಮಾನೂ ಒಂದೇ ಸೂರಿನಡಿ ದೊರೆಯುವಂಥ ಅಂಗಡಿ ಅವರದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಇದು ಕೆಲಸಕ್ಕೆ ಬರುತ್ತದೆ. ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ 1878ರಲ್ಲಿ ಪದವೀಧರನಾದ ಮೇಲೆ ಆತ ವಕೀಲಿ ಕಲಿಯಲಾರಂಭಿಸಿದ. ಆದರೆ ಶ್ವಾಸಕೋಶದ ಕಾಯಿಲೆಯ ಭಯ ಹಿಡಿಯಿತು. ಆ ಕಾಲದಲ್ಲಿ ಕ್ಷಯಕ್ಕೆ ಒಣಹವೆಯೇ ಮದ್ದು. 1880ರಲ್ಲಿ ಆತ ಪಶ್ಚಿಮದ ಕೊಲರಾಡೋ ಬೆಟ್ಟಸೀಮೆಗೆ ಹೋಗಿ, ಸರಪಳಿ ಹಿಡಿದು ಭೂಮಿ ಅಳೆಯುವ ಸರ್ವೆ ಕೆಲಸಕ್ಕೆ ನಿಂತ. ನಡುವೆ ನ್ಯೂಯಾರ್ಕಿಗೆ ಬಂದು 1883ರಲ್ಲಿ ವಕೀಲಿ ಸನ್ನದು ಪಡೆದುದೂ ಉಂಟು. ಹವೆ ಒಗ್ಗಲಿಲ್ಲ, ಕಸುಬೂ ಒಗ್ಗಲಿಲ್ಲ, ಮತ್ತೆ ಕೊಲರಾಡೋ. ಮೂವತ್ತು ದಾಟಿದರೂ ನೆಲೆ ಕಾಣದ ಮನುಷ್ಯ ಎಂದು ಆಗಿನವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಪರೀಕ್ಷೆ ಮುಗಿದೊಡನೆ ಮುಂದೇನು ಎಂದು ತಲೆಯ ಮೇಲೆ ಕೈಹೊತ್ತು ಕೂಡುವ ನನ್ನಂಥವರಿಗೆ ಈ ಭಾಗ ಸ್ವಲ್ಪ ಸಮಾಧಾನ ಕೊಡುತ್ತದೆ.

1889ರಲ್ಲಿ ಡೆನ್ವರ್ ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಆತನನ್ನು ನೇಮಿಸಿದರು. ಆ ವಿದ್ಯೆಯಲ್ಲಿ ಆತನಿಗೆ ಯಾವ ತರಬೇತಿಯೂ ಇರಲಿಲ್ಲ. ಬಹುಶಃ ಅದೇ ಒಳ್ಳೆಯದಾಯಿತೇನೋ. ಆಗಿನ ಗ್ರಂಥಾಲಯಗಳಲ್ಲಿ ಓದುಗನು ಕಟಕಟೆಯ ಈಚೆ ನಿಂತು ಚೀಟಿ ಕೊಡಬೇಕು. ಆಚೆಯಿಂದ ಸಿಬ್ಬಂದಿ ಪುಸ್ತಕ ತಂದುಕೊಡಬೇಕು. ಡೇನಾ ಓದುಗರನ್ನು ಕಪಾಟುಗಳ ನಡುವೆಯೇ ಓಡಾಡಲು ಬಿಟ್ಟ. ಪುಸ್ತಕಗಳು ಕಳುವಾಗುವುದಿಲ್ಲವೆ? ಕೆಲವು ಆಗುತ್ತವೆ, ಓದದೆ ಧೂಳು ಹಿಡಿಯುವ ನಷ್ಟಕ್ಕಿಂತ ಅದು ಚಿಕ್ಕದು ಎಂಬುದು ಆತನ ಲೆಕ್ಕ. ಮಕ್ಕಳಿಗೆಂದೇ 1894ರಲ್ಲಿ ಪ್ರತ್ಯೇಕ ಕೋಣೆಯನ್ನು ತೆರೆದ. 1895ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ಆತನನ್ನು ತನ್ನ ಅಧ್ಯಕ್ಷನನ್ನಾಗಿ ಆರಿಸಿತು. 1898ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿಗೆ ಹೋದ. ಅಲ್ಲಿ ಗ್ರಂಥಾಲಯದ ಪಕ್ಕದಲ್ಲಿಯೇ ಒಬ್ಬ ಶ್ರೀಮಂತ ಸಂಗ್ರಾಹಕನ ಕಲಾಮಂದಿರವಿತ್ತು. ದೂರದ ದೇಶಗಳಿಂದ ತಂದ ಬೆಲೆಬಾಳುವ ವಸ್ತುಗಳನ್ನು ಸಾಲಾಗಿಟ್ಟು, ಜನ ಬಂದು ಬೆರಗಾಗಿ ಹೋಗಬೇಕೆಂಬ ಪದ್ಧತಿಯನ್ನು ಡೇನಾ ಅಲ್ಲಿ ದಿನನಿತ್ಯ ಹತ್ತಿರದಿಂದ ನೋಡಿದ. ಮುಂದೆ ತಾನು ಏನನ್ನು ಮಾಡಬಾರದೆಂಬುದನ್ನು ಅಲ್ಲಿಯೇ ಕಲಿತನೆಂದು ನನ್ನ ಊಹೆ. 1902ರಲ್ಲಿ ಆ ಊರನ್ನು ಬಿಟ್ಟು ನ್ಯೂವಾರ್ಕಿಗೆ ಬಂದ. ಆಗ ಆತನಿಗೆ 45 ವರ್ಷ. ಸಾಯುವವರೆಗೆ ಮತ್ತೆ ಊರು ಬದಲಿಸಲಿಲ್ಲ.

ನ್ಯೂವಾರ್ಕ್ ಎಂದರೆ ನ್ಯೂಯಾರ್ಕ್ ಅಲ್ಲ. ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದಲ್ಲಿ, ನ್ಯೂಜೆರ್ಸಿ ಸಂಸ್ಥಾನದಲ್ಲಿರುವ ಕೈಗಾರಿಕಾ ಪಟ್ಟಣ ಅದು. 1900ರಲ್ಲಿ ಅದರ ಜನಸಂಖ್ಯೆ ಸುಮಾರು 2,46,000. ಹತ್ತೇ ವರ್ಷಗಳಲ್ಲಿ ಅದು 3,47,000ಕ್ಕೆ ಏರಿತು. ಚರ್ಮ ಹದಮಾಡುವವರು, ಚಿನ್ನದ ಒಡವೆ ಮಾಡುವವರು, ಹ್ಯಾಟು ಮಾಡುವವರು, ಬಿಯರು ಬಟ್ಟಿಯವರು, ವಾರ್ನಿಷು ಕಾಯಿಸುವವರು, ಹೀಗೆ ನೂರು ಬಗೆಯ ಕಸುಬುಗಳು. ಜರ್ಮನರು, ಐರಿಷರು, ಇಟಲಿಯವರು, ಪೂರ್ವ ಯೂರೋಪಿನಿಂದ ಓಡಿಬಂದ ಯೆಹೂದ್ಯರು, ಹೀಗೆ ಹತ್ತು ಭಾಷೆಯ ಜನ. ಒಳ್ಳೆಯ ಚಿತ್ರ ನೋಡಬೇಕೆಂದರೆ ಹಣವುಳ್ಳವರು ನದಿ ದಾಟಿ ನ್ಯೂಯಾರ್ಕಿಗೆ ಹೋಗುತ್ತಿದ್ದರು. ಉಳಿದವರು ಹೋಗುತ್ತಲೇ ಇರಲಿಲ್ಲ. ಇಂಥ ಊರಿನ ಗ್ರಂಥಾಲಯದಲ್ಲಿ ಡೇನಾ ವಲಸೆಗಾರರ ಭಾಷೆಗಳ ಪುಸ್ತಕಗಳನ್ನು ತರಿಸಿದ. 1904ರಲ್ಲಿ ಪೇಟೆಯ ನಡುವೆ ವ್ಯಾಪಾರಿಗಳಿಗೆಂದೇ ಒಂದು ಶಾಖೆಯನ್ನು ತೆರೆದು, ಅಲ್ಲಿ ಕಾದಂಬರಿಗಳ ಬದಲು ನಕ್ಷೆ, ವಿಳಾಸಪಟ್ಟಿ, ವ್ಯಾಪಾರದ ಕೈಪಿಡಿಗಳನ್ನು ಇರಿಸಿದ. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಪುಸ್ತಕದಂತೆಯೇ ಮನೆಗೆ ಎರವಲು ಕೊಡಿಸಿದ. ಒಡವೆಯ ನಕಾಸೆ ತೆಗೆಯುವವನಿಗೆ ಹೂವಿನ ಚಿತ್ರ ಬೇಕು, ಉಪಾಧ್ಯಾಯಿನಿಗೆ ಆನೆಯ ಚಿತ್ರ ಬೇಕು. ಇಬ್ಬರೂ ಒಂದೇ ಪೆಟ್ಟಿಗೆಯನ್ನು ಹುಡುಕುತ್ತಿದ್ದರು.

ಗ್ರಂಥಾಲಯದ ನಾಲ್ಕನೆಯ ಅಂತಸ್ತಿನಲ್ಲಿ ಖಾಲಿ ಜಾಗವಿತ್ತು. ಡೇನಾ ಅಲ್ಲಿ ಆಗಾಗ ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದ. ಆ ಊರಿನಲ್ಲಿ ಜಾರ್ಜ್ ರಾಕ್‌ವೆಲ್ ಎಂಬ ಔಷಧ ವ್ಯಾಪಾರಿಯೊಬ್ಬನಿದ್ದ. ಜಪಾನಿನ ಕಲಾವಸ್ತುಗಳನ್ನು ಕೂಡಿಸುವುದು ಅವನ ಹವ್ಯಾಸ. ಆ ಸಂಗ್ರಹವನ್ನು ನಗರಸಭೆ 10,000 ಡಾಲರು ಕೊಟ್ಟು ಕೊಂಡಿತು. ಅದನ್ನೇ ಮೂಲಧನವಾಗಿಟ್ಟುಕೊಂಡು 1909ರ ಏಪ್ರಿಲಿನಲ್ಲಿ ನ್ಯೂವಾರ್ಕ್ ವಸ್ತುಸಂಗ್ರಹಾಲಯ ಸಂಘ ಹುಟ್ಟಿತು. ಡೇನಾ ಗ್ರಂಥಾಲಯವನ್ನು ಬಿಡದೆ ಇದರ ಹೊಣೆಯನ್ನೂ ಹೊತ್ತ. ಇಲ್ಲಿ ಒಂದು ಚೋದ್ಯವಿದೆ. ಊರಿನ ಬಾಳಿಗೆ ಹತ್ತಿರವಾದ ಸಂಗ್ರಹಾಲಯ ಬೇಕೆಂದವನ ಮೊದಲ ಆಸ್ತಿ ಜಪಾನಿನದು! 1911ರಲ್ಲಿ ಏರ್ಪಟ್ಟ ಇನ್ನೊಂದು ಹೆಸರಾಂತ ಪ್ರದರ್ಶನವೂ ದೂರದ್ದೇ. ಟಿಬೆಟ್ಟಿನ ಗಡಿಯಲ್ಲಿ ವೈದ್ಯನಾಗಿದ್ದ ಆಲ್ಬರ್ಟ್ ಶೆಲ್ಟನ್ ಎಂಬ ಪಾದ್ರಿಯನ್ನು ಸಂಗ್ರಹಾಲಯದ ಧರ್ಮದರ್ಶಿಯೊಬ್ಬ ಹಡಗಿನ ಪ್ರಯಾಣದಲ್ಲಿ ಸಂಧಿಸಿದುದರಿಂದ ಆ ಪೂಜಾವಸ್ತುಗಳು ನ್ಯೂವಾರ್ಕಿಗೆ ಬಂದವು. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟ್ಟಿನವರನ್ನು ನೆರೆಹೊರೆಯಾಗಿ ಕಂಡ ನಮಗೆ, ಆ ವಸ್ತುಗಳ ಅರ್ಥವನ್ನು ಹೇಳಬಲ್ಲವರು ಅಂದು ನ್ಯೂವಾರ್ಕಿನಲ್ಲಿ ಎಷ್ಟು ಮಂದಿ ಇದ್ದಾರೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 1990ರಲ್ಲಿ ಹದಿನಾಲ್ಕನೆಯ ದಲಾಯಿ ಲಾಮಾ ಅವರು ಅಲ್ಲಿಗೆ ಹೋಗಿ ಹೊಸದಾಗಿ ಕಟ್ಟಿದ ಬೌದ್ಧ ಪೂಜಾಪೀಠವನ್ನು ಪ್ರತಿಷ್ಠೆ ಮಾಡಿದರು. ಬೆರಗಿನ ಸಾಮಾನುಗಳಾಗಿ ಬಂದವುಗಳಿಗೆ ಅವುಗಳ ಜನ ದೊರೆಯಲು ಸುಮಾರು ಎಂಬತ್ತು ವರ್ಷ ಹಿಡಿಯಿತು.

ಡೇನಾನ ನಿಜವಾದ ಸಾಹಸ ಇದರ ಮುಂದಿನದು. ಆ ಕಾಲದ ಅಮೆರಿಕದ ದೊಡ್ಡ ಊರುಗಳೆಲ್ಲ ಒಂದೇ ಬಗೆಯ ಕಲಾಭವನಗಳನ್ನು ಕಟ್ಟುತ್ತಿದ್ದವು: ಪೇಟೆಯಿಂದ ದೂರದ ಉದ್ಯಾನದಲ್ಲಿ, ಗ್ರೀಕರ ದೇಗುಲದಂತೆ ಕಂಬಗಳು, ಎತ್ತರದ ಮೆಟ್ಟಿಲು, ಒಳಗೆ ಯೂರೋಪಿನಿಂದ ಲಕ್ಷಗಟ್ಟಲೆ ಡಾಲರು ಕೊಟ್ಟು ತಂದ ತೈಲಚಿತ್ರಗಳು. ಬಾಸ್ಟನಿನ ಬೆಂಜಮಿನ್ ಗಿಲ್ಮನ್ ಎಂಬ ವಿದ್ವಾಂಸ ಈ ಪಕ್ಷದ ಸಮರ್ಥ ವಕ್ತಾರ. ಕಲಾಭವನವು ಸೌಂದರ್ಯದ ಗುಡಿ, ಅಲ್ಲಿ ಜನ ಮೌನವಾಗಿ ನಿಂತು ನೋಡಬೇಕೆಂಬುದು ಆತನ ನಿಲುವು. ಈ ನಿಲುವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬೇಲೂರಿನ ಮದನಿಕೆಯ ಮುಂದೆ ನಿಂತವನಿಗೆ ಮೌನದ ಬೆಲೆ ಗೊತ್ತು. ಆದರೆ ಡೇನಾ ಈ ಕಟ್ಟಡಗಳನ್ನು ನೋಡಿ ನಗುತ್ತಿದ್ದ. ಟ್ರಾಮು ಹೋಗದ ಕಡೆಗೆ ಕೂಲಿಕಾರ ಹೇಗೆ ಹೋದಾನು? ಹೋದರೂ ಅಲ್ಲಿ ತನ್ನದೆನ್ನುವುದು ಅವನಿಗೆ ಏನಿದೆ? ಆತನಿಗೆ ತೋರಿದ ಮಾದರಿ ದೇಗುಲವಲ್ಲ, ಪೇಟೆಯ ದೊಡ್ಡ ಅಂಗಡಿ. ಅದು ಊರ ನಡುವೆ ಇರುತ್ತದೆ, ಎಲ್ಲರಿಗೂ ತೆರೆದಿರುತ್ತದೆ, ಸಾಮಾನು ಕಣ್ಣಿಗೆ ಕಾಣುವಂತೆ ಇಡುತ್ತದೆ, ಆಗಾಗ ಬದಲಿಸುತ್ತದೆ, ಜನರಿಗೆ ಏನು ಬೇಕೆಂದು ಕೇಳುತ್ತದೆ, ಬಂದಿದೆಯೆಂದು ಸಾರಿ ಹೇಳುತ್ತದೆ. ವುಡ್‌ಸ್ಟಾಕಿನ ಅಂಗಡಿಯ ಮಗನಿಗೆ ಈ ಹೋಲಿಕೆ ಹೊಳೆದುದರಲ್ಲಿ ವಿಶೇಷವೇನೂ ಇಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ವಿಶೇಷವಾದುದು. 1917ರಲ್ಲಿ ಈ ವಿಚಾರಗಳನ್ನೆಲ್ಲ ಚಿಕ್ಕ ಪುಸ್ತಕಗಳಾಗಿ ಅಚ್ಚುಹಾಕಿಸಿದ. ಆತನ ಸೋದರರು ವುಡ್‌ಸ್ಟಾಕಿನಲ್ಲಿ ಒಂದು ಮುದ್ರಣಾಲಯವನ್ನು ನಡೆಸುತ್ತಿದ್ದರು. ಅಚ್ಚುಮೊಳೆಗಳ ಅಂದದ ವಿಷಯದಲ್ಲಿ ಆತನದು ವಿಪರೀತ ಮಡಿ.

ಆದರೆ ಅಂಗಡಿ ತೆರೆದರೆ ಸಾಲದು, ಸಾಮಾನು ಬೇಕಲ್ಲ. ಡೇನಾನ ಕೈಯಲ್ಲಿ ಹಣ ಕಡಿಮೆ. ಊರಿನವರನ್ನು ಪ್ರೇಕ್ಷಕರೆಂದು ಕಾಯುತ್ತ ಕೂಡದೆ, ಅವರನ್ನೇ ಪಾಲುದಾರರನ್ನಾಗಿ ಮಾಡಿಕೊಳ್ಳುವ ಉಪಾಯವನ್ನು ಆತ ಹಿಡಿದ. ಮೊದಲ ಪಾಲುದಾರರು ಶಾಲೆಗಳು. ಗೊಂಬೆಗಳು, ಹಕ್ಕಿಗಳು, ಖನಿಜಗಳು, ದೇಶದೇಶದ ಬಟ್ಟೆಬರೆ, ಮಾದರಿಗಳು ಇವನ್ನೆಲ್ಲ ಪೆಟ್ಟಿಗೆಗಳಲ್ಲಿ ಕಟ್ಟಿ ಉಪಾಧ್ಯಾಯರಿಗೆ ಎರವಲು ಕೊಡುವ ವ್ಯವಸ್ಥೆಯಾಯಿತು. ಮಕ್ಕಳು ಅವನ್ನು ಮುಟ್ಟಬಹುದು. ಮುರಿದರೆ? ಮುರಿಯಲಿ ಎಂಬಷ್ಟು ಅಗ್ಗದವನ್ನೇ ಆರಿಸಿ ಕೊಡುತ್ತಿದ್ದರು. ಗ್ರಂಥಾಲಯದ ಶಾಖೆಗಳಲ್ಲಿಯೂ ಸಣ್ಣ ಸಣ್ಣ ಪ್ರದರ್ಶನಗಳನ್ನು ಇಟ್ಟರು. ಜನ ಬರದಿದ್ದರೆ ವಸ್ತುವೇ ಜನರ ಬಳಿಗೆ ಹೋಗತಕ್ಕದ್ದು.

ಎರಡನೆಯ ಪಾಲುದಾರರು ಕಾರ್ಖಾನೆಯವರು. 1912ರಲ್ಲಿ ಆತ ಜರ್ಮನಿಯ ಕೈಗಾರಿಕಾ ಕಲೆಗಳ ಪ್ರದರ್ಶನವನ್ನು ಅಲ್ಲಿಯ ಹಾಗೆನ್ ಪಟ್ಟಣದ ಸಂಗ್ರಹಾಲಯದ ನೆರವಿನಿಂದ ತರಿಸಿದ. ಪಿಂಗಾಣಿ, ಗಾಜು, ಬಟ್ಟೆ, ಜಾಹೀರಾತಿನ ಚಿತ್ರಗಳು, ಎಲ್ಲ ಸೇರಿ ಸಾವಿರಕ್ಕೂ ಮಿಕ್ಕಿ ವಸ್ತುಗಳು; ನ್ಯೂವಾರ್ಕಿನಿಂದ ಆರಂಭವಾಗಿ ಅದು ಅಮೆರಿಕದ ಇತರ ನಗರಗಳಿಗೂ ಹೋಯಿತು. ಊರಿನಲ್ಲಿದ್ದ ಜರ್ಮನರಿಗೆ ಅದು ತವರಿನ ಸುದ್ದಿಯಂತಾದರೆ, ಕಾರ್ಖಾನೆಯವರಿಗೆ ಯಂತ್ರದ ವಸ್ತುವೂ ಅಂದವಾಗಿರಬಲ್ಲದೆಂಬ ಪಾಠವಾಯಿತು. 1915ರಲ್ಲಿ ನ್ಯೂಜೆರ್ಸಿಯ ಜೇಡಿಮಣ್ಣಿನ ಕೈಗಾರಿಕೆಗಳ ಸರದಿ. ಇಟ್ಟಿಗೆ, ಹಂಚು, ಕುಡಿಕೆ, ಪಿಂಗಾಣಿ ಬಟ್ಟಲುಗಳ ಜೊತೆಗೆ ಟ್ರೆಂಟನ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಶೌಚದ ಪಿಂಗಾಣಿ ಪಾತ್ರೆಗಳೂ ಪ್ರದರ್ಶನದಲ್ಲಿದ್ದವು. ಕಲಾಭವನದಲ್ಲಿ ಇವೆಲ್ಲವೆ ಎಂದು ಮೂಗು ಮುರಿಯುವವರಿಗೆ, ಎರಡು ವರ್ಷದ ಮೇಲೆ ನ್ಯೂಯಾರ್ಕಿನಲ್ಲಿ ಮಾರ್ಸೆಲ್ ದುಷಾಂ ಎಂಬ ಕಲಾವಿದ ಅಂಥದೇ ಒಂದು ಪಾತ್ರೆಯನ್ನು ಕಳುಹಿಸಿ ಕಲಾಲೋಕವನ್ನೆಲ್ಲ ಅಲ್ಲಾಡಿಸಿದುದನ್ನು ನೆನಪಿಸಬಹುದು. ದುಷಾಂ ಮಾಡಿದುದು ಕೀಟಲೆಗೆ. ಡೇನಾನ ಉದ್ದೇಶದಲ್ಲಿ ಕೀಟಲೆಯಿರಲಿಲ್ಲ. ಅದನ್ನು ಮಾಡಿದ ಕುಂಬಾರನೂ ಆ ಊರಿನ ತೆರಿಗೆದಾರನೇ ಎಂಬುದಷ್ಟೇ ಆತನ ವಾದ.

1916ರಲ್ಲಿ ನ್ಯೂವಾರ್ಕ್ ಪಟ್ಟಣ ಸ್ಥಾಪನೆಯಾಗಿ 250 ವರ್ಷ ತುಂಬಿತು. ಆ ವರ್ಷ ನೇಯ್ಗೆಯ ಪ್ರದರ್ಶನ ನಡೆಯಿತು. ವಲಸೆ ಬಂದ ಮನೆಗಳವರು ತವರಿನಿಂದ ಗಂಟು ಕಟ್ಟಿ ತಂದಿದ್ದ ಕಸೂತಿ, ಜಾಲರಿ, ಉಡುಪುಗಳನ್ನು ಪ್ರದರ್ಶನಕ್ಕೆ ಎರವಲು ಕೊಡುವ ಪದ್ಧತಿಯೂ ಈ ಕಾಲದಲ್ಲಿ ಬೆಳೆಯಿತು. ಮಗ ಅಮೆರಿಕದ ಶಾಲೆಗೆ ಹೋಗಿ ತಾಯಿಯ ಮಾತಿಗೂ ಉಡುಪಿಗೂ ನಾಚಿಕೊಳ್ಳುವ ಕಾಲ. ಅದೇ ತಾಯಿಯ ಕೈಕೆಲಸ ಊರಿನ ಸಂಗ್ರಹಾಲಯದಲ್ಲಿ ಕಂಡರೆ ಆ ಮಗನ ಮನಸ್ಸಿನಲ್ಲಿ ಏನಾದೀತು? ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ.

ಆದರೆ ಇಲ್ಲಿಯೇ ನನಗೆ ಒಂದು ತಕರಾರೂ ಇದೆ. ಅದೇ ಸೀಮೆಯ ಪ್ಯಾಟರ್ಸನ್ ಪಟ್ಟಣದ ರೇಷ್ಮೆ ಗಿರಣಿಗಳಲ್ಲಿ 1913ರ ಫೆಬ್ರವರಿಯಿಂದ ಜುಲೈವರೆಗೆ ಸಾವಿರಾರು ಕೆಲಸಗಾರರು ಮುಷ್ಕರ ಹೂಡಿದ್ದರು. ಒಬ್ಬೊಬ್ಬರ ಮೇಲೆ ಹೆಚ್ಚು ಮಗ್ಗಗಳನ್ನು ಹೊರಿಸಬಾರದು, ದಿನಕ್ಕೆ ಎಂಟೇ ಗಂಟೆ ಕೆಲಸವಿರಬೇಕು ಎಂದು ಕೇಳಿದರು, ಸೋತು ಹಿಂದಿರುಗಿದರು. ಕಾರ್ಖಾನೆಯೊಡನೆ ಪಾಲುದಾರಿಕೆ ಎಂದಾಗ ಆ ಪಾಲು ಯಜಮಾನನದೋ, ಕೈಯಲ್ಲಿ ಲಾಳಿ ಹಿಡಿದವನದೋ? ಬಟ್ಟೆಯ ಅಂದವನ್ನು ಮೆಚ್ಚಿ, ನೇಯ್ದವನ ಕೂಲಿಯನ್ನು ಕೇಳದಿದ್ದರೆ ಅರ್ಧ ಮಾತ್ರ ಹೇಳಿದಂತೆ. ವ್ಯಾಪಾರಿಗಳ ಮೆಚ್ಚುಗೆಯಿಲ್ಲದೆ ಡೇನಾನ ಸಂಸ್ಥೆ ಒಂದು ವರ್ಷವೂ ಬಾಳುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ನೇಕಾರನ ಮಗನಾದ ನನಗೆ ಆತನ ಬರವಣಿಗೆಯಲ್ಲಿ ಕೊಳ್ಳುವವನ ಅಭಿರುಚಿಯ ಚಿಂತೆ ಹೆಚ್ಚು, ಮಾಡುವವನ ಹೊಟ್ಟೆಯ ಚಿಂತೆ ಕಡಿಮೆ ಎಂದು ಕಾಣುತ್ತದೆ. ಈ ಅಭಿಪ್ರಾಯವನ್ನು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಅವಸರದ್ದೆಂದರು. ಇದ್ದರೂ ಇರಬಹುದು.

ಡೇನಾ ಚಿತ್ರಕಲೆಯ ಶತ್ರುವೆಂದು ತಿಳಿಯಬಾರದು. ಮ್ಯಾಕ್ಸ್ ವೆಬರ್ ಎಂಬ ನವ್ಯ ಚಿತ್ರಕಾರನನ್ನು ಇತರರು ಹಾಸ್ಯಮಾಡುತ್ತಿದ್ದ ಕಾಲದಲ್ಲಿ, 1913ರಲ್ಲಿಯೇ, ಅವನೊಬ್ಬನ ಕೃತಿಗಳ ಪ್ರದರ್ಶನವನ್ನು ನ್ಯೂವಾರ್ಕಿನಲ್ಲಿ ಏರ್ಪಡಿಸಿದ್ದ. ಬದುಕಿರುವ ಅಮೆರಿಕದ ಕಲಾವಿದರಿಂದ ಕೊಂಡುಕೊಳ್ಳಬೇಕು, ಸತ್ತ ಯೂರೋಪಿನವರ ಚಿತ್ರಗಳಿಗೆ ಊರಿನ ಹಣ ಸುರಿಯಬಾರದು ಎಂಬುದು ಆತನ ಹಟ.

ಮೂರನೆಯ ಪಾಲುದಾರ ಒಬ್ಬನೇ ವ್ಯಕ್ತಿ: ಲೂಯಿ ಬ್ಯಾಂಬರ್ಗರ್. ಯೆಹೂದ್ಯ ಮನೆತನದ, ಮಿತಭಾಷಿಯಾದ ಈತನ ದೊಡ್ಡ ಅಂಗಡಿ ನ್ಯೂವಾರ್ಕಿನಲ್ಲಿಯೇ ಪ್ರಸಿದ್ಧ. ಗ್ರಂಥಾಲಯದ ಮೇಲಂತಸ್ತಿನಲ್ಲಿ ಇಕ್ಕಟ್ಟಾಗಿ ಹದಿನೈದು ವರ್ಷಕ್ಕೂ ಮೇಲೆ ನಡೆದ ಸಂಗ್ರಹಾಲಯಕ್ಕೆ ಸ್ವಂತ ಕಟ್ಟಡ ಬೇಕಾಗಿತ್ತು. ನಿವೇಶನವನ್ನು ನಗರ ಒದಗಿಸಿತು. ಕಟ್ಟಡಕ್ಕೆ ಬ್ಯಾಂಬರ್ಗರ್ 5,00,000 ಡಾಲರಿಗೂ ಮಿಕ್ಕಿ ಕೊಟ್ಟ. 1926ರಲ್ಲಿ ಅದರ ಬಾಗಿಲು ತೆರೆಯಿತು. ಕಟ್ಟಡದ ನಕ್ಷೆ ತೆಗೆದವನು ಜಾರ್ವಿಸ್ ಹಂಟ್. ಬ್ಯಾಂಬರ್ಗರನ ಅಂಗಡಿಯ ನಕ್ಷೆಯನ್ನು ತೆಗೆದವನೂ ಅವನೇ. ಸಂಗ್ರಹಾಲಯ ಅಂಗಡಿಯಂತಿರಬೇಕೆಂದವನಿಗೆ ಅಂಗಡಿಯವನೇ ಹಣ ಕೊಟ್ಟು, ಅಂಗಡಿ ಕಟ್ಟಿದವನೇ ಸಂಗ್ರಹಾಲಯವನ್ನು ಕಟ್ಟಿಕೊಟ್ಟ ಈ ಯೋಗಾಯೋಗವನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ. ದೂರದ ಬೆಟ್ಟದ ಮೇಲೆ ಅಲ್ಲ, ಗ್ರಂಥಾಲಯಕ್ಕೆ ಸಮೀಪದಲ್ಲಿಯೇ, ಊರೊಳಗೆ ಅದು ನಿಂತಿತು. (ಈ ಬ್ಯಾಂಬರ್ಗರನೂ ಅವನ ತಂಗಿಯೂ 1930ರಲ್ಲಿ ಕೊಟ್ಟ ದಾನದಿಂದಲೇ ಪ್ರಿನ್‌ಸ್ಟನ್ನಿನ ಉನ್ನತ ಅಧ್ಯಯನ ಸಂಸ್ಥೆ ಹುಟ್ಟಿತು, ಐನ್‌ಸ್ಟೈನ್ ಕೊನೆಯ ದಿನಗಳನ್ನು ಕಳೆದುದು ಅಲ್ಲಿಯೇ. ನಮ್ಮ ವಿಜ್ಞಾನದ ಮಿತ್ರರಿಗಾಗಿ ಈ ಮಾತು.)

ಹೊಸ ಕಟ್ಟಡ ತೆರೆದ ವರ್ಷವೇ ಊರಿನ ಚರ್ಮೋದ್ಯಮದ ಪ್ರದರ್ಶನ ನಡೆಯಿತು. ಹದಮಾಡುವವರ ಕೇರಿಯ ವಾಸನೆಗೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದವರು ಅದೇ ಚರ್ಮವನ್ನು ನೋಡಲು ಬಂದರೆಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಅದಕ್ಕೆ ಒಂದು ವರ್ಷ ಮೊದಲೇ ತರುಣ ಪದವೀಧರರನ್ನು ಸಂಗ್ರಹಾಲಯದ ಕೆಲಸಕ್ಕೆ ಅಣಿಗೊಳಿಸುವ ಒಂದು ತರಬೇತಿಯನ್ನೂ ಡೇನಾ ತೊಡಗಿಸಿದ್ದ. ಅಲ್ಲಿ ಕಲಿತ ಡೊರೊತಿ ಮಿಲ್ಲರ್ ಮುಂದೆ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ ಹೆಸರುವಾಸಿಯಾದಳು. ಡೇನಾನ ಕೈಕೆಳಗೆ ದುಡಿದ ಹೋಲ್ಗರ್ ಕೇಹಿಲ್, 1935ರಿಂದ ಅಮೆರಿಕ ಸರ್ಕಾರ ನಿರುದ್ಯೋಗಿ ಕಲಾವಿದರಿಗೆ ಕೆಲಸ ಕೊಟ್ಟ ದೊಡ್ಡ ಯೋಜನೆಯನ್ನು ನಡೆಸಿದ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಆತನ ಕೊನೆಯ ದಿನಗಳ ಒಂದು ಪ್ರದರ್ಶನ. ಅಗ್ಗದ ಸಾಮಾನಿನ ಅಂಗಡಿಗಳಲ್ಲಿ ಕೆಲವೇ ಸೆಂಟುಗಳಿಗೆ ದೊರೆಯುವ ಬಟ್ಟಲು, ತಟ್ಟೆ, ಗಾಜಿನ ಲೋಟ ಮುಂತಾದವುಗಳಲ್ಲಿ ರೂಪ ಚೆನ್ನಾಗಿರುವುವನ್ನು ಆರಿಸಿ, 1928 ಮತ್ತು 1929ರಲ್ಲಿ ಕಲಾವಸ್ತುಗಳಂತೆಯೇ ಗೌರವದಿಂದ ಜೋಡಿಸಿ ಇರಿಸಿದರು. ಅಂದವು ಬೆಲೆಯನ್ನಾಗಲಿ, ಹಳಮೆಯನ್ನಾಗಲಿ, ಅಪರೂಪವನ್ನಾಗಲಿ ಅವಲಂಬಿಸಿಲ್ಲವೆಂಬುದು ಆತ ಜೀವಮಾನವೆಲ್ಲ ಹೇಳುತ್ತ ಬಂದ ಮಾತು. ಸಂಬಳದ ದಿನ ಹೆಂಡತಿಗೆಂದು ಒಂದು ಬಟ್ಟಲು ಕೊಳ್ಳುವ ಕೆಲಸಗಾರನೂ ಆ ಮಾತಿನ ಪರೀಕ್ಷೆಯನ್ನು ತಾನೇ ಮಾಡಬಹುದಾಗಿತ್ತು.

1929ರ ಜುಲೈ 21ರಂದು, 73 ತುಂಬುವುದಕ್ಕೆ ಒಂದು ತಿಂಗಳಿದ್ದಾಗ, ಡೇನಾ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಮೂರು ತಿಂಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಬಿತ್ತು. ಆ ಕಷ್ಟವನ್ನು ಆತ ನೋಡಲಿಲ್ಲ. ಬಹುಕಾಲದಿಂದ ಜೊತೆಗಾರ್ತಿಯಾಗಿದ್ದ ಬಿಯಾಟ್ರಿಸ್ ವಿನ್ಸರ್ ಗ್ರಂಥಾಲಯ, ಸಂಗ್ರಹಾಲಯ ಎರಡರ ಹೊಣೆಯನ್ನೂ ವಹಿಸಿಕೊಂಡಳು.

ಆತ ಕಟ್ಟಿದ ಪಾಲುದಾರಿಕೆ ಎಷ್ಟು ಗಟ್ಟಿಯಾಗಿತ್ತೆಂಬುದು ತಿಳಿದುದು ನಲವತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ನ್ಯೂವಾರ್ಕ್ ಬೇರೆಯೇ ಊರಾಗಿತ್ತು. ಕಾರ್ಖಾನೆಗಳು ಮುಚ್ಚಿದ್ದವು, ಹಣವುಳ್ಳ ಬಿಳಿಯರು ಹೊರವಲಯಗಳಿಗೆ ಹೋಗಿದ್ದರು, ದಕ್ಷಿಣದಿಂದ ಬಂದ ಕರಿಯ ಜನ ಬಹುಸಂಖ್ಯಾತರಾಗಿದ್ದರು. 1967ರ ಜುಲೈ ತಿಂಗಳ ಗಲಭೆಯಲ್ಲಿ 26 ಮಂದಿ ಸತ್ತರು. 1969ರ ಆರಂಭದಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿದ ನಗರಸಭೆ ಗ್ರಂಥಾಲಯಕ್ಕೂ ಸಂಗ್ರಹಾಲಯಕ್ಕೂ ಕೊಡುತ್ತಿದ್ದ ಹಣವನ್ನೇ ನಿಲ್ಲಿಸಲು ತೀರ್ಮಾನಿಸಿತು. ನಿಲ್ಲಿಸಿದ್ದರೆ ಎರಡೂ ಮುಚ್ಚಬೇಕಾಗುತ್ತಿತ್ತು. ಆ ಊರಿನಲ್ಲಿಯೇ ಬೆಳೆದ ಕಾದಂಬರಿಕಾರ ಫಿಲಿಪ್ ರಾತ್ ಪತ್ರಿಕೆಯಲ್ಲಿ ಪ್ರತಿಭಟಿಸಿ ಬರೆದ, ಊರಿನವರು ಎದ್ದುನಿಂತರು, ನಗರಸಭೆ ತನ್ನ ತೀರ್ಮಾನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಗುಡಿಯಂತೆ ದೂರದಲ್ಲಿದ್ದಿದ್ದರೆ ಅಷ್ಟು ಜನ ಕೂಗುತ್ತಿದ್ದರೋ ಇಲ್ಲವೋ ಎಂಬುದು ನನ್ನ ಸಂಶಯ. 2019ರಲ್ಲಿ ಸಂಸ್ಥೆ ತನ್ನ ಹೆಸರನ್ನು ನ್ಯೂವಾರ್ಕ್ ಕಲಾಸಂಗ್ರಹಾಲಯವೆಂದು ಬದಲಿಸಿಕೊಂಡಿತು. ಕಲೆ ಎಂಬ ಆ ಒಂದು ಪದ ಸೇರಿದುದಕ್ಕೆ ಡೇನಾ ಬದುಕಿದ್ದರೆ ಖಂಡಿತ ಜಗಳವಾಡುತ್ತಿದ್ದ.

ಈಗ ನಮ್ಮ ಕೋಣೆಯ ಮಾತು. ಇತಿಹಾಸ ಸಂಘದ ಸಭೆಯಲ್ಲಿ ನಾನು ಡೇನಾನ ವಿಷಯವಾಗಿ ಪ್ರಬಂಧ ಓದಿದ ಮೇಲೆ, ಅಧ್ಯಕ್ಷತೆ ವಹಿಸಿದ್ದ ಅಧ್ಯಾಪಕರು ಬೀಗದ ಕೈಯನ್ನು ತರಿಸಿಕೊಟ್ಟರು. ಮುಂದಿನ ಶನಿವಾರ ನನ್ನ ತಂದೆಯವರು ಬಂದರು. ಅಂದು ಹೊರಗೆ ಕಳುಹಿಸಿದವರೇ ಇಂದು ಕುರ್ಚಿ ಹಾಕಿದರು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ತಂದೆಯವರು ಗಾಜು ಸರಿಸಿ ಖಣವನ್ನು ಹೊರತೆಗೆದು, ಬೆಳಕಿಗೆ ಹಿಡಿದು, ಮೈ ತಿರುಗಿಸಿ ಹಾಸಿದರು. ಅದು ತೇರಿನ ಖಣ. ಒಳಮೈಯಲ್ಲಿ ಬರೀ ನೂಲಿನ ಎಳೆಗಳಾಗಿ ಕಾಣುತ್ತಿದ್ದುದು ಈಗ ಸಾಲುಸಾಲು ತೇರಾಗಿ ಕಂಡಿತು. ಬಣ್ಣ ಯಾವುದು, ಅಂಚು ಹೇಗೆ, ಎಂಥ ಮಗ್ಗದಲ್ಲಿ ನೇಯ್ದಿರಬೇಕು ಎಂದು ಅವರು ಹೇಳುತ್ತ ಹೋದರು. ನಾನೂ ಇಬ್ಬರು ಸಹಪಾಠಿಗಳೂ ಬರೆದುಕೊಂಡೆವು. ಹಳೆಯ ಚೀಟಿಯಲ್ಲಿದ್ದುದು ‘ಬಟ್ಟೆ, ಸ್ಥಳೀಯ’ ಎಂಬ ಎರಡೇ ಪದ.

ಕೊನೆಯಲ್ಲಿ ಅವರು ಒಂದು ಮಾತು ಕೇಳಿದರು. ಆ ತುಣುಕಿನಲ್ಲಿರುವ ತೇರು ಈಗಿನವರು ನೇಯುವ ತೇರಿಗಿಂತ ಬೇರೆ. ಹದಿನೈದು ದಿನದ ಮಟ್ಟಿಗೆ ಕೊಟ್ಟರೆ ಓಣಿಯ ಹಿರಿಯ ನೇಕಾರರಿಗೆ ತೋರಿಸಿ, ಎಳೆ ಎಣಿಸಿಕೊಂಡು, ಮತ್ತೆ ತಂದುಕೊಡುವುದಾಗಿ ಹೇಳಿದರು. ದಾಸ್ತಾನು ಪುಸ್ತಕದಲ್ಲಿ ನಮೂದಾದ ವಸ್ತುವನ್ನು ಹೊರಗೆ ಕಳುಹಿಸುವ ನಿಯಮವಿಲ್ಲವಂತೆ. ಪ್ರಾಂಶುಪಾಲರು ಲಿಖಿತ ಅರ್ಜಿಯನ್ನು ಕೇಳಿದ್ದಾರೆ. ಅರ್ಜಿಯನ್ನು ಬರೆದು, ಸಂಘದ ಕಾರ್ಯದರ್ಶಿಯೂ ನಾನೂ ಸಹಿ ಮಾಡಿ ಕೊಟ್ಟಿದ್ದೇವೆ. ತಂದೆಯವರೂ ತಮ್ಮ ಹೆಸರನ್ನು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಕೆಳಗೆ ಬರೆದರು. ಈ ಸಂಚಿಕೆ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ.